ಟವೆಲ್‌ಗೂ ಮೊಬೈಲ್ ನಂಬರ್

ನಿನ್ನೆ ರಾತ್ರಿ ‘ಎನಿಮಿ ಆಫ್ ದಿ ಸ್ಟೇಟ್’ ನೋಡಿದೆ. 1998ರ ಸಿನಿಮಾ. ವಿಲ್ ಸ್ಮಿತ್ ಇದರಲ್ಲಿ ವಕೀಲ. ಒಂದು ಕೊಲೆಯ ವಿಡಿಯೋ ಅವನಿಗೇ ಗೊತ್ತಿಲ್ಲದಂತೆ ಅವನ ಶಾಪಿಂಗ್ ಬ್ಯಾಗಿಗೆ ಬಂದು ಬೀಳುತ್ತದೆ. ಅಷ್ಟೇ, ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ಅಧಿಕಾರಿಯೊಬ್ಬನ ಕಡೆಯವರು ಬೆನ್ನು ಹತ್ತುತ್ತಾರೆ. ಶೂ, ವಾಚು, ಪೆನ್ನು, ಎಲ್ಲದರಲ್ಲೂ ಟ್ರ್ಯಾಕರ್! ಅಂಗಡಿಯ ಕ್ಯಾಮೆರಾ ದೃಶ್ಯವನ್ನೇ ಕಂಪ್ಯೂಟರಿನಲ್ಲಿ ತಿರುಗಿಸಿ ಬ್ಯಾಗಿನ ಇನ್ನೊಂದು ಬದಿ ನೋಡುತ್ತಾರಲ್ಲ, ಅದು ಮಾತ್ರ ಶುದ್ಧ ಬುರುಡೆ. ಉಳಿದದ್ದನ್ನು ಹಾಗೆ ತಳ್ಳಿಹಾಕೋಕಾಗಲ್ಲ, 2013ರಲ್ಲಿ ಅದೇ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಸ್ನೋಡೆನ್ ಅದರ ಕಣ್ಗಾವಲಿನ ಗುಟ್ಟಿನ ದಾಖಲೆ ಹೊರಗೆ ಹಾಕಿದ ಮೇಲಂತೂ.

ನಮ್ಮ ಗೋಳಗುಮ್ಮಟದಲ್ಲೂ ಒಂದು ಕಡೆ ಪಿಸುಗುಟ್ಟಿದ್ದು ಆಚೆ ಬದಿಗೆ ಕೇಳುತ್ತದೆ. ಆದರೆ ಅಲ್ಲಿ ಗೊತ್ತಿದ್ದೇ ಪಿಸುಗುಟ್ಟುತ್ತೇವೆ. ಫೋನಿನಲ್ಲಿ ಆ್ಯಪ್ ಅನುಮತಿ ಕೇಳಿದಾಗೆಲ್ಲ ಸುಮ್ನೆ ‘ಅಲೌ’ ಒತ್ತುತ್ತಾ ಹೋಗುತ್ತೇವೆ, ಅಲ್ವಾ?

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಕೇಸು ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮವರಿಗೇ ಇದು ಜಾಸ್ತಿ ಗೊತ್ತಿಲ್ಲ.

ಇವತ್ತು ಗಾಂಧಿ ಚೌಕದ ಹತ್ತಿರ ಒಂದು ಟವೆಲ್ ತಗೊಂಡೆ.

“ಮೊಬೈಲ್ ನಂಬರ್ ಹೇಳ್ರಿ ಅಣ್ಣಾರ.”

“ಟವೆಲ್‌ಗ ನಂಬರ್ ಯಾಕೋ ತಮ್ಮಾ?”

“ಇಲ್ಲಂದ್ರ ಬಿಲ್ ಮುಂದ ಹೋಗಂಗಿಲ್ರಿ.”

ಹತ್ತು ಸೊನ್ನಿ ಹೊಡಿ ಅಂದೆ. ಹೊಡೆದ. ಬಿಲ್ ಬಂತು.