ಚಿತ್ರ ಬಂತು, ಸೌಂಡ್ ಬರಲಿಲ್ಲ

ದಾವಣಗೆರೆಯ ವಿನೋಬನಗರದಲ್ಲಿರುವ ನಮ್ಮ ಚಿಕ್ಕಪ್ಪನ ಮದುವೆ ಆಗಿದ್ದು 2002ರಲ್ಲಿ. ಅದು ವಿಸಿಡಿ ಕಾಲ, ಸಿಡಿಯಲ್ಲೇ ವಿಡಿಯೋ ತುಂಬಿ ಕೊಡುತ್ತಿದ್ದರು. ಮದುವೆ ಅಂದರೆ ಮೂರು ಡಿಸ್ಕ್, ಒಂದು ಪ್ಲಾಸ್ಟಿಕ್ ಡಬ್ಬಿ, ಡಬ್ಬಿ ಮೇಲೆ ಗುಲಾಬಿ ಹೂವಿನ ನಡುವೆ ಗಂಡು ಹೆಣ್ಣಿನ ಫೋಟೊ. ಆ ಡಿಸ್ಕ್‌ಗಳು ನೆಂಟರ ಮನೆಯೆಲ್ಲ ಸುತ್ತಿ ಬಂದಿವೆ. ಹರಿಹರಕ್ಕೆ ಹೋಗಿವೆ, ಹೊನ್ನಾಳಿಗೆ ಹೋಗಿವೆ, ಯಾರದೋ ಮನೆಯಲ್ಲಿ ಡಬ್ಬಿಯೂ ಇಲ್ಲದೆ ಟಿವಿ ಮೇಲೆ ತಿಂಗಳುಗಟ್ಟಲೆ ಬಿದ್ದಿದ್ದವು. ಗೀರು ಬೀಳದೆ ಇನ್ನೇನಾಗುತ್ತೆ? ಪೂರ್ತಿ ಹಾಳಾಗುವ ಮುಂಚೆ ಮೂರನ್ನೂ ಸೇರಿಸಿ ಒಂದೇ ಡಿವಿಡಿ ಮಾಡಿಸೋಣ ಅಂತ ಚಿಕ್ಕಪ್ಪ ಪೇಟೆಯ ಒಂದು ಅಂಗಡಿಗೆ ಕೊಟ್ಟರು. ಅದನ್ನು ಯುಗಾದಿ ಹೊತ್ತಿಗೆ ಇಸಿದುಕೊಂಡು ಬಂದರು.

ಹಬ್ಬದ ಮರುದಿನ ಎಲ್ಲರೂ ಮನೆಯಲ್ಲೇ ಇದ್ದರು. ಸಂಜೆ ಚಂದ್ರನ್ನ ನೋಡೋಕೆ ಇನ್ನೂ ಹೊತ್ತಿತ್ತು. ಡಿವಿಡಿ ಹಾಕಿ ಅಂದಿದ್ದು ಅಜ್ಜಿ. ಅವರ ಅಕ್ಕ, ಅಂದರೆ ನಮ್ಮ ದೊಡ್ಡಜ್ಜಿ, ಆ ಮದುವೆಯಲ್ಲಿ ಸೋಬಾನೆ ಪದ ಹೇಳಿದ್ದರಂತೆ. ದೊಡ್ಡಜ್ಜಿ ಈಗಿಲ್ಲ. ಅವರ ದನಿ ಬೇರೆ ಎಲ್ಲೂ ಇಲ್ಲ.

ಡಿಸ್ಕ್ ಹಾಕಿದರೆ ಚಿತ್ರ ಚೆನ್ನಾಗಿಯೇ ಬಂತು. ಚಿಕ್ಕಪ್ಪ ತೆಳ್ಳಗೆ, ಮೀಸೆ ದಪ್ಪಗೆ. ವಾಲಗದವರ ಕೆನ್ನೆ ಉಬ್ಬುತ್ತಿತ್ತು, ಡೋಲಿನವನ ಕೈ ಕುಣಿಯುತ್ತಿತ್ತು. ಸದ್ದು ಮಾತ್ರ ಇಲ್ಲ.

"ಮೊನ್ನೆನೇ ಹಾಕಿ ನೋಡಿದ್ದೆ, ಹಿಂಗೇ ಆತು," ಅಂದರು ಚಿಕ್ಕಪ್ಪ. "ಅಂಗಡಿಯವನಿಗೆ ಫೋನ್ ಮಾಡಿದ್ರೆ, ನಮ್ ಕಂಪ್ಯೂಟರ್‌ನಾಗೆ ಚೆನ್ನಾಗಿ ಬರ್ತೈತಿ ಸಾರ್, ನಿಮ್ ಪ್ಲೇಯರೇ ಹೋಗೈತಿ ಅಂತಾನೆ. ನೀನೇ ನೋಡಪ್ಪಾ."

ಕಂಪ್ಯೂಟರ್ ಕೆಲಸ ಮಾಡುವವನು ಮನೆಗೆ ಬಂದರೆ ಫ್ಯಾನ್ ರೆಗ್ಯುಲೇಟರಿಂದ ಹಿಡಿದು ಎಲ್ಲ ತೋರಿಸುತ್ತಾರೆ. ಇದಾದರೂ ಸ್ವಲ್ಪ ನನಗೆ ಸಂಬಂಧಪಟ್ಟಿದ್ದು.

ಮೊದಲು ಟಿವಿ ಹಿಂದೆ ಬಗ್ಗಿದೆ. ಹಳದಿ, ಬಿಳಿ, ಕೆಂಪು, ಮೂರೂ ಪಿನ್ ತಮ್ಮ ತಮ್ಮ ಜಾಗದಲ್ಲಿದ್ದವು. ಹಳದಿ ಚಿತ್ರದ್ದು, ಬಿಳಿ ಎಡಗಡೆ ಸದ್ದಿನದು, ಕೆಂಪು ಬಲಗಡೆಯದು. ಎಷ್ಟೋ ಮನೆಗಳಲ್ಲಿ ಕಸ ಹೊಡೆಯುವಾಗ ಬಿಳಿ ಪಿನ್ ಅರ್ಧ ಕಳಚಿರುತ್ತೆ, ಡಿಸ್ಕ್ ಬೈಸಿಕೊಳ್ಳುತ್ತೆ. ಇಲ್ಲಿ ಹಾಗಿರಲಿಲ್ಲ. ಕಪಾಟಿನಲ್ಲಿದ್ದ ಒಂದು ಹಳೆ ಸಿನಿಮಾ ಡಿವಿಡಿ ಹಾಕಿದೆ. ಫೈಟಿಂಗ್ ಸದ್ದಿಗೆ ಅಡುಗೆಮನೆಯಿಂದ ಚಿಕ್ಕಮ್ಮ ಓಡಿ ಬಂದರು. ಅಲ್ಲಿಗೆ ವೈರ್, ಟಿವಿ, ಪ್ಲೇಯರ್ ಮೂರೂ ಸರಿ ಇವೆ ಅಂತ ಆಯಿತು.

ರಿಮೋಟ್‌ನಲ್ಲಿ ಆಡಿಯೋ ಬಟನ್ ಒತ್ತಿ ನೋಡಿದೆ. ಕೆಲವು ಡಿಸ್ಕ್‌ಗಳಲ್ಲಿ ಎರಡು ಮೂರು ಸೌಂಡ್ ಟ್ರ್ಯಾಕ್ ಇರುತ್ತವೆ, ಪ್ಲೇಯರ್ ಖಾಲಿ ಇರೋದನ್ನೇ ಹಿಡಿದು ಕೂತಿರುತ್ತೆ. ಇದರಲ್ಲಿ ಒಂದಕ್ಕೆ ಒಂದು ಅಂತ ತೋರಿಸಿತು. ಅಂದರೆ ಟ್ರ್ಯಾಕ್ ಇದೆ, ಆದರೆ ಪ್ಲೇಯರ್ ಅದನ್ನು ನುಡಿಸುತ್ತಿಲ್ಲ. ನನಗೆ ಧೈರ್ಯ ಬಂದಿದ್ದು ಇಲ್ಲೇ.

ಆಮೇಲೆ ಹಳೆ ವಿಸಿಡಿಯನ್ನೇ ಅದೇ ಪ್ಲೇಯರ್‌ಗೆ ಹಾಕಿದೆ. ಗೀರು ಬಿದ್ದ ಕಡೆ ತಡವರಿಸುತ್ತಿತ್ತು, ಆದರೆ ವಾಲಗ ಕೇಳಿಸಿತು! ಚಿಕ್ಕಪ್ಪನಿಗೆ ಸಿಟ್ಟು ಬಂತು. "ನೋಡು, ಅವನೇ ಸೌಂಡ್ ತೆಗೆದು ಕಳಿಸ್ಯಾನೆ" ಅಂದರು.

ಅಷ್ಟರಲ್ಲಿ ಡಿವಿಡಿಯನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿದ್ದ ಚಿಕ್ಕಪ್ಪನ ಮಗ ಕೂಗಿದ. "ಅಣ್ಣಾ, ಇದರಾಗೆ ಎರಡು ಫೋಲ್ಡರ್ ಅದಾವೆ. ವಿಡಿಯೋ ಟಿಎಸ್‌ನಾಗೆ ಫೈಲ್ ಅದಾವೆ, ಆಡಿಯೋ ಟಿಎಸ್ ಪೂರ್ತಿ ಖಾಲಿ!" ಚಿಕ್ಕಪ್ಪ ನನ್ನ ಮುಖ ನೋಡಿದರು. ಕಳ್ಳ ಸಿಕ್ಕಿಬಿದ್ದ ಅನ್ನೋ ನೋಟ.

ಈ ಖಾಲಿ ಫೋಲ್ಡರ್ ಎಷ್ಟು ಜನರ ದಾರಿ ತಪ್ಪಿಸಿದೆಯೋ! ಆಡಿಯೋ ಟಿಎಸ್ ಇರೋದು ಡಿವಿಡಿ ಆಡಿಯೋ ಅಂತ ಬೇರೆ ಒಂದು ಬಗೆಯ ಹಾಡಿನ ಡಿಸ್ಕ್‌ಗೆ. ನಮ್ಮಲ್ಲಿ ಅದನ್ನು ಕಂಡವರೇ ಕಡಿಮೆ. ಸಿನಿಮಾ ಡಿವಿಡಿಯಲ್ಲೂ ಮದುವೆ ಡಿವಿಡಿಯಲ್ಲೂ ಆ ಫೋಲ್ಡರ್ ಖಾಲಿ ಇರೋದೇ ಸರಿ. ಚಿತ್ರ, ಸದ್ದು ಎರಡೂ ವಿಡಿಯೋ ಟಿಎಸ್ ಒಳಗಿನ ವಿಒಬಿ ಫೈಲ್‌ಗಳಲ್ಲಿ ಹೆಣೆದುಕೊಂಡಿರುತ್ತವೆ. ಫೈಟಿಂಗ್ ಸಿನಿಮಾದ ಡಿಸ್ಕ್ ಹಾಕಿ, ಅದರಲ್ಲೂ ಆ ಫೋಲ್ಡರ್ ಖಾಲಿ ಇರೋದನ್ನು ತೋರಿಸಿದ ಮೇಲೆಯೇ ಚಿಕ್ಕಪ್ಪ ನಂಬಿದ್ದು.

ಮದುವೆ ಡಿವಿಡಿಯನ್ನು ವಿಎಲ್‌ಸಿ ಅನ್ನೋ ವಿಡಿಯೋ ನೋಡುವ ತಂತ್ರಾಂಶದಲ್ಲಿ ಹಾಕಿದೆ. ಸೌಂಡ್ ಜೋರಾಗಿ ಬಂತು. ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಆದರೆ ವಿಎಲ್‌ಸಿಯಲ್ಲಿ ಬಂತು ಅಂದಮಾತ್ರಕ್ಕೆ ಡಿಸ್ಕ್ ಸರಿ ಇದೆ ಅಂತಲ್ಲ. ಅದು ಏನು ಕೊಟ್ಟರೂ ನುಡಿಸುತ್ತೆ. ಡಿಸ್ಕ್ ಮಾಡಿಕೊಡುವವರು ಅದರಲ್ಲಿ ಪರೀಕ್ಷೆ ಮಾಡೋದೇ ತಪ್ಪು ಅಂತ ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಒಂದು ಹಳೆ ಪ್ಲೇಯರ್ ಇಟ್ಟುಕೊಂಡು, ಅದರಲ್ಲಿ ಒಂದು ನಿಮಿಷ ಓಡಿಸಿ ನೋಡಿ ಕೊಡಬೇಕು.

ವಿಎಲ್‌ಸಿಯ ಟೂಲ್ಸ್ ಮೆನುವಿನಲ್ಲಿ ಕೋಡೆಕ್ ಮಾಹಿತಿ, ಅಂದರೆ ಚಿತ್ರ, ಸದ್ದು ಯಾವ ಬಗೆಯಲ್ಲಿ ಅಡಕವಾಗಿವೆ ಅನ್ನೋದನ್ನು ನೋಡಬಹುದು. ತೆರೆದೆ. ಆಡಿಯೋ: ಎಂಪೆಗ್ ಲೇಯರ್ 2. ಸ್ಯಾಂಪಲ್ ರೇಟ್: 44100 ಹರ್ಟ್ಸ್. ರೋಗ ಸಿಕ್ಕಿತು.

ಡಿಜಿಟಲ್ ಮಾಡುವಾಗ ಸದ್ದನ್ನು ಸೆಕೆಂಡಿಗೆ ಇಷ್ಟು ಸಲ ಅಂತ ಅಳೆದು ಬರೆದಿಡುತ್ತಾರೆ. ಹಾಡಿನ ಸಿಡಿಯಲ್ಲಿ ಅದು ಸೆಕೆಂಡಿಗೆ 44,100 ಸಲ. 1993ರಲ್ಲಿ ಬಂದ ವಿಸಿಡಿ ಅದೇ ಸಿಡಿ ಮನೆತನದ್ದು, ಅದಕ್ಕೂ ಅದೇ ಲೆಕ್ಕ. ಡಿವಿಡಿ ಬರುವಾಗ ಲೆಕ್ಕ ಬದಲಾಯಿತು. ಡಿವಿಡಿ ವಿಡಿಯೋದಲ್ಲಿ ಮಾಮೂಲಿಯಾಗಿ 48,000 ಇರಬೇಕು. 44,100ಕ್ಕೆ ಅಲ್ಲಿ ಜಾಗ ಇಲ್ಲ. ಅಂಗಡಿಯವನು ವಿಸಿಡಿಯ ಸದ್ದನ್ನು ಬದಲಾಯಿಸದೆ, ಇದ್ದ ಹಾಗೆ ಡಿವಿಡಿಯೊಳಗೆ ತುಂಬಿದ್ದಾನೆ. ಕೆಲವು ಪ್ಲೇಯರ್‌ಗಳು ಹೋಗಲಿ ಬಿಡು ಅಂತ ನುಡಿಸಿಬಿಡುತ್ತವೆ. ಚಿಕ್ಕಪ್ಪನದು ಶಿಸ್ತಿನ ಪ್ಲೇಯರ್, ಬಾಯಿ ಮುಚ್ಚಿಕೊಂಡಿತು. ಅದೇ ಸದ್ದು ವಿಸಿಡಿಯಲ್ಲಿದ್ದಾಗ ಅದಕ್ಕೆ ತಕರಾರಿಲ್ಲ, ಯಾಕಂದರೆ ವಿಸಿಡಿ ಅಂತ ಗೊತ್ತಾದ ಕೂಡಲೇ 44,100ಕ್ಕೆ ತಯಾರಾಗಿರುತ್ತೆ.

ಮೊಬೈಲ್‌ನಲ್ಲಿ ತೆಗೆದ ವಿಡಿಯೋವನ್ನು ಡಿಸ್ಕ್ ಮಾಡುವಾಗಲೂ ಇಂಥದೇ ಆಗೋದುಂಟು. ಮೊಬೈಲ್‌ನ ಸದ್ದು ಸಾಮಾನ್ಯವಾಗಿ ಎಎಸಿ ಅನ್ನೋ ಬಗೆಯದು. ಡಿವಿಡಿ ನಿಯಮದಲ್ಲಿ ಎಎಸಿಯೂ ಇಲ್ಲ, ಎಂಪಿ3ಯೂ ಇಲ್ಲ. ಎಸಿ3 (ಡಾಲ್ಬಿಯ ಅಡಕ ಸದ್ದು) ಆಗುತ್ತೆ, ಪಿಸಿಎಂ (ಅಡಕ ಮಾಡದ ಸದ್ದು) ಆಗುತ್ತೆ, ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಯಲ್ಲಿ ಎಂಪೆಗ್ ಲೇಯರ್ 2 ಕೂಡ ಆಗುತ್ತೆ.

"ಹಂಗಾದ್ರೆ ಸೌಂಡ್ ಹೋಗಿಲ್ಲ?" ಅಂತ ಅಜ್ಜಿ ಕೇಳಿದರು. ಇಷ್ಟೊತ್ತು ನಾವು ಆಡಿದ ನಂಬರ್‌ಗಳಲ್ಲಿ ಅವರಿಗೆ ಬೇಕಾಗಿದ್ದು ಇಷ್ಟೇ.

"ಇಲ್ಲಜ್ಜಿ, ಐತಿ."

ಮಾಡಬೇಕಾದ ಕೆಲಸ ದೊಡ್ಡದಲ್ಲ. ವಿಸಿಡಿಯ ಚಿತ್ರ ಎಂಪೆಗ್ 1, ಅಳತೆ 352 ಅಡ್ಡ 288. ಅದನ್ನು ಡಿವಿಡಿ ಒಪ್ಪುತ್ತೆ, ಮುಟ್ಟುವ ಅಗತ್ಯವಿಲ್ಲ. ಮತ್ತೆ ಎನ್‌ಕೋಡ್ ಮಾಡಿದರೆ ಮೊದಲೇ ಮಸುಕಾದ ಚಿತ್ರ ಇನ್ನೂ ಮಸುಕಾಗುತ್ತೆ. ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ತಂತ್ರಾಂಶಕ್ಕೆ ಚಿತ್ರ ಹಾಗೇ ನಕಲು ಮಾಡು, ಸದ್ದನ್ನು ಮಾತ್ರ 48,000 ಹರ್ಟ್ಸ್‌ನ ಎಸಿ3 ಮಾಡು ಅಂತ ಹೇಳಿದೆ. ಎಸಿ3ಯನ್ನು ಡಿವಿಡಿ ಪ್ಲೇಯರ್‌ಗಳು ಬೇಡ ಅನ್ನಲ್ಲ.

ಅಂಗಡಿಯ ಡಿವಿಡಿಯಿಂದಲೇ ಮಾಡಬಹುದಿತ್ತು. ಆದರೆ ಕೊನೆಯ ಭಾಗದಲ್ಲಿ ಚಿತ್ರ ಒಡೆಯುತ್ತಿತ್ತು. ಹಾಗಾಗಿ ಮೂಲ ವಿಸಿಡಿಗಳಿಂದಲೇ ಡ್ಯಾಟ್ ಫೈಲ್‌ಗಳನ್ನು, ಅಂದರೆ ವಿಡಿಯೋ ಇರುವ ಫೈಲ್‌ಗಳನ್ನು, ತೆಗೆಯಲು ಕೂತೆ. ಮೊದಲೆರಡು ಸಲೀಸಾಗಿ ಬಂದವು. ಮೂರನೆಯದು ಡ್ರೈವ್‌ನಲ್ಲಿ ಕರಕರ ಅನ್ನುತ್ತಾ ನಿಂತೇ ಹೋಯಿತು. ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ಗೀರಿಗಿಂತ ಜಾಸ್ತಿ ಬೆರಳಿನ ಗುರುತು, ಒಂದು ಕಡೆ ಕುಂಕುಮದ ಕಲೆ. ಚಿಕ್ಕಮ್ಮ ಹಳೆ ಪಂಚೆ ಬಟ್ಟೆ ಕೊಟ್ಟರು. ಡಿಸ್ಕ್ ಒರೆಸುವಾಗ ಗುಂಡಗೆ ತಿರುಗಿಸಬಾರದು, ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಬೇಕು. ಟ್ರ್ಯಾಕ್ ಸುರುಳಿಯಾಗಿ ಓಡುತ್ತೆ. ಅದರ ಜತೆಗೇ ಗೀರು ಬಿದ್ದರೆ ಡೇಟಾ ಉದ್ದಕ್ಕೂ ಹೋಗುತ್ತೆ, ಅಡ್ಡ ಗೀರಾದರೆ ಪ್ಲೇಯರ್ ಹೆಂಗೋ ದಾಟಿಕೊಳ್ಳುತ್ತೆ. ಒರೆಸಿ ಹಾಕಿದ ಮೇಲೆ ಕುಂಟುತ್ತಾ ಪೂರ್ತಿ ನಕಲಾಯಿತು.

ಅಷ್ಟರಲ್ಲಿ ಚಂದ್ರನೂ ಕಂಡ, ಕೈ ಮುಗಿದದ್ದೂ ಆಯಿತು, ಎಲ್ಲರ ಕಾಲಿಗೆ ಬಿದ್ದದ್ದೂ ಆಯಿತು. ಮಂಡಕ್ಕಿ, ಮೆಣಸಿನಕಾಯಿ ಬಂದವು. ನಮ್ಮೂರಲ್ಲಿ ಅದಿಲ್ಲದೆ ಸಂಜೆ ಆಗೋದೇ ಇಲ್ಲ. ಕೈಗೆ ಎಣ್ಣೆ ಅಂತ ಲ್ಯಾಪ್‌ಟಾಪ್ ಮುಟ್ಟದೆ, ಚಿಕ್ಕಪ್ಪನ ಮಗನಿಗೆ ಅದು ಒತ್ತು ಇದು ಒತ್ತು ಅಂತ ಹೇಳಿಕೊಟ್ಟೆ. ಮೂರು ಗಂಟೆಯ ಮದುವೆ ಎಲ್ಲ ಸೇರಿ 2 ಜಿಬಿ ಆಸುಪಾಸು ಬಂತು. 4.7 ಜಿಬಿ ಡಿಸ್ಕ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಉಳಿಯಿತು. ಡಿವಿಡಿ ಸ್ಟೈಲರ್ ಅನ್ನೋ ತಂತ್ರಾಂಶದಲ್ಲಿ ಮೆನು ಮಾಡಿ, ಅರಿಶಿಣ, ಸುರಗಿ, ಅಕ್ಕಿಕಾಳು, ಊಟ ಅಂತ ಭಾಗ ಮಾಡಿದೆವು. ಬರೆಯುವ ವೇಗ ಕಡಿಮೆ ಇಟ್ಟೆ. ಹಳೆ ಪ್ಲೇಯರ್‌ಗೆ ಅದೇ ವಾಸಿ.

ಹೊಸ ಡಿಸ್ಕ್ ಹಾಕಿದ ಕೂಡಲೇ ವಾಲಗ ಮನೆ ತುಂಬಿತು. ಎಲ್ಲರೂ ಕೂತರು. ಅಕ್ಕಿಕಾಳಿನ ಹೊತ್ತಿಗೆ ದೊಡ್ಡಜ್ಜಿ ಚಿತ್ರದಲ್ಲಿ ಬಂದರು. ಹಸಿರು ಇಳಕಲ್ ಸೀರೆ, ತಲೆ ಮೇಲೆ ಸೆರಗು, ಬಾಯಿ ಆಡುತ್ತಿತ್ತು. ಅಜ್ಜಿ ಮುಂದಕ್ಕೆ ಬಗ್ಗಿದರು. ಕೇಳಿಸಿದ್ದು ಸಿನಿಮಾ ಹಾಡು!

ಇದನ್ನು ನಾನು ಎಣಿಸಿರಲೇ ಇಲ್ಲ. ಎಣಿಸಬಹುದಿತ್ತು. ಆಗಿನ ಮದುವೆ ವಿಡಿಯೋ ಯಾರೇ ನೋಡಿ, ಮುಖ್ಯವಾದ ಜಾಗದಲ್ಲೆಲ್ಲ ನಿಜವಾದ ಸದ್ದು ತೆಗೆದು ಸಿನಿಮಾ ಹಾಡು ಹಾಕಿರುತ್ತಾರೆ. ಜನಕ್ಕೆ ಆಗ ಅದೇ ಚೆಂದ ಅನ್ನಿಸುತ್ತಿತ್ತು. ನಮ್ಮ ಮನೆಯವರೂ ಹೊಗಳಿಯೇ ದುಡ್ಡು ಕೊಟ್ಟಿರುತ್ತಾರೆ. 44,100 ಇದ್ದಿದ್ದನ್ನು 48,000 ಮಾಡಬಹುದು. ಬರೆಯದೇ ಬಿಟ್ಟ ಸದ್ದನ್ನು ಯಾವ ತಂತ್ರಾಂಶ ತರುತ್ತೆ? ಕ್ಯಾಮೆರಾದ ಮೂಲ ಕ್ಯಾಸೆಟ್‌ನಲ್ಲಿ ಇದ್ದಿರಬೇಕು. ವಿಡಿಯೋದವರು ಆ ಕ್ಯಾಸೆಟ್ ಮೇಲೆ ಇನ್ನೊಂದು ಮದುವೆ ತೆಗೆದಿರುತ್ತಾರೆ. "ಹಾಡು ಹಾಕಬೇಡ ಅಂತ ನಾನು ಹೇಳಿದ್ದೆ" ಅಂತ ಚಿಕ್ಕಪ್ಪ, "ಆ ಹಾಡು ಹೇಳಿ ಹಾಕಿಸಿದ್ದೇ ನೀವು" ಅಂತ ಚಿಕ್ಕಮ್ಮ.

ಅವರು ಜಗಳ ಆಡುತ್ತಿರಲಿ ಅಂತ ನಾನು ಹಿಂದಕ್ಕೆ ಹೋಗಿ ಸುರಗಿ ಭಾಗ ಹಾಕಿದೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿದ್ದಾರೆ, ನಡುವೆ ಚಿಕ್ಕಪ್ಪ ಮೈಯೆಲ್ಲ ಅರಿಶಿಣ ಬಳಿದುಕೊಂಡು ಕೂತಿದ್ದಾರೆ. ಎಡಿಟ್ ಮಾಡಿದವನಿಗೆ ಇದು ಅಷ್ಟು ಮುಖ್ಯ ಅನ್ನಿಸಿಲ್ಲ, ಹಾಡು ಹಾಕಿಲ್ಲ. ಕೊಡ ಬಡಿದ ಸದ್ದು, ಮಗು ಅಳೋದು, "ಲೈಟ್ ಈ ಕಡೆ ಹಿಡಿಯಪ್ಪಾ" ಅಂತ ಯಾರೋ ಕೂಗೋದು, ಎಲ್ಲದರ ಹಿಂದೆ ದೊಡ್ಡಜ್ಜಿಯ ಪದ. ಒಂದು ನುಡಿ ಅವರು ಎತ್ತುತ್ತಾರೆ, ಉಳಿದವರು ಎಳೆದು ಮುಗಿಸುತ್ತಾರೆ. ಮೂರನೇ ನುಡಿಯಲ್ಲಿ ದೊಡ್ಡಜ್ಜಿಗೆ ಕೆಮ್ಮು ಬರುತ್ತೆ. ಆಗ ಬೇರೊಂದು ದನಿ ಪದ ಕೈಬಿಡದೆ ಹಿಡಿದುಕೊಳ್ಳುತ್ತೆ.

"ಅದು ನಾನು," ಅಂದರು ಅಜ್ಜಿ.

ಆ ಭಾಗವನ್ನಷ್ಟೇ ಬೇರೆ ಮಾಡಿ ಎಂಪಿ4 ಫೈಲಾಗಿಯೂ ಇಟ್ಟೆ, ಮೊಬೈಲ್‌ಗೂ ಪೆನ್‌ಡ್ರೈವ್‌ಗೂ ಆಗುವ ಹಾಗೆ. ಡ್ಯಾಟ್ ಫೈಲ್‌ಗಳನ್ನು ಹಾರ್ಡ್ ಡಿಸ್ಕ್‌ಗೆ ಹಾಕಿದೆ. ನಮ್ಮ ಮಟ್ಟಿಗೆ ಈಗ ಅವೇ ಮೂಲ. ಚಿಕ್ಕಪ್ಪ ಹೊಸ ಡಿವಿಡಿಯ ನಕಲುಗಳನ್ನು ನೆಂಟರಿಗೆಲ್ಲ ಹಂಚಿದರು.

ಅದೇ ವಾರ ಹರಿಹರದಿಂದ ಸೋದರತ್ತೆಯ ಫೋನ್. "ಏನಪ್ಪಾ, ನೀ ಮಾಡಿದ್ದರಾಗೂ ಸೌಂಡ್ ಇಲ್ಲಲ್ಲ!" ಎದೆ ಧಸಕ್ಕೆಂದಿತು. ವಿಚಾರಿಸಿದರೆ ಅವರ ಮನೆಯಲ್ಲಿ ಟಿವಿಗೆ ಪ್ಲೇಯರ್ ಜೋಡಿಸಿರೋದು ಎಚ್‌ಡಿಎಂಐ ವೈರ್‌ನಲ್ಲಿ. ಪ್ಲೇಯರ್ ಎಸಿ3ಯನ್ನು ಬಿಡಿಸದೆ ಹಾಗೇ ಟಿವಿಗೆ ಕಳಿಸುತ್ತಿತ್ತು, ಟಿವಿಗೆ ಅದು ಬರುತ್ತಿರಲಿಲ್ಲ. ಸೆಟಪ್‌ಗೆ ಹೋಗಿ ಡಿಜಿಟಲ್ ಔಟ್‌ಪುಟ್ ಅನ್ನೋದನ್ನು ಹುಡುಕಿ, ಬಿಟ್‌ಸ್ಟ್ರೀಮ್ ಅಂತ ಇರೋದನ್ನು ಪಿಸಿಎಂ ಮಾಡಿ ಅಂತ ಹೇಳಿದೆ. ಅತ್ತೆ ಕನ್ನಡಕ ಹುಡುಕಿದರು, ಆಮೇಲೆ ರಿಮೋಟ್ ಹುಡುಕಿದರು, ಆಮೇಲೆ ಮೊಮ್ಮಗನನ್ನು ಕರೆದರು. ಅವನು ಅರೆಕ್ಷಣದಲ್ಲಿ ಬದಲಾಯಿಸಿದ. ಫೋನಿನಲ್ಲೇ ವಾಲಗ ಕೇಳಿಸಿತು. ಅತ್ತೆ ಏನೋ ಹೇಳುತ್ತಿದ್ದರು, ಆ ಗದ್ದಲದಲ್ಲಿ ನನಗೆ ಒಂದೂ ಗೊತ್ತಾಗಲಿಲ್ಲ.