ಕಿಟಕಿಯ ಮೇಲಿನ ಡಬ್ಬಿ

ಐದು ದಿನ ಆ ಡಬ್ಬಿ ನಮ್ಮ ಅಡುಗೆಮನೆ ಕಿಟಕಿಯ ಮೇಲೆಯೇ ಇತ್ತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ತಿರುಗಿಸಿ ಮುಚ್ಚುವ ಮುಚ್ಚಳ, ಪಕ್ಕದಲ್ಲಿ ನನ್ನ ಹೆಸರು ಬರೆದ ಚೀಟಿ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ಕಫ ತೆಗೆದು, ಆಸ್ಪತ್ರೆಗೆ ಕೊಟ್ಟು ಬರಬೇಕು. ಅಷ್ಟೇ ಕೆಲಸ. ಅದನ್ನು ನಾಳೆ ನಾಳೆ ಅಂತ ದೂಡುತ್ತಾ ಬಂದೆ.

ನನಗೆ ಟಿಬಿ ಅಂತ ಗೊತ್ತಾದಾಗ ತೂಕ 41 ಕೆಜಿ. ಆ ತೂಕದವರಿಗೆ ದಿನಕ್ಕೆ ಮೂರು ಮಾತ್ರೆ, ಮೂರನ್ನೂ ಒಟ್ಟಿಗೆ ನುಂಗಬೇಕು. ಒಂದೊಂದರಲ್ಲೂ ನಾಲ್ಕು ಔಷಧಿ. ಮೊದಲ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ನೋಡಿ ಕೈಕಾಲು ತಣ್ಣಗಾಯಿತು. ಮಾತ್ರೆಯಲ್ಲಿರುವ ರಿಫಾಂಪಿಸಿನ್‌ನಿಂದ ಹಾಗಾಗುತ್ತದೆ, ಹೆದರಬೇಡಿ ಅಂದರು. ಎರಡು ತಿಂಗಳಾದ ಮೇಲೆ ಕಫ ಮತ್ತೆ ಪರೀಕ್ಷೆ ಮಾಡುತ್ತಾರೆ. ರೋಗಾಣು ಕಾಣಿಸದಿದ್ದರೆ ಔಷಧಿ ಮೂರಕ್ಕೆ ಇಳಿಯುತ್ತದೆ, ಇನ್ನು ನಾಲ್ಕು ತಿಂಗಳು. ಕಾಣಿಸಿದರೆ? ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವ ಧೈರ್ಯವೇ ನನಗೆ ಬರಲಿಲ್ಲ.

ಊಟ ಸೇರುತ್ತಿತ್ತು. ಸಂಜೆಯ ಜ್ವರ ನಿಂತಿತ್ತು. ಸರ್ಕಾರ ತಿಂಗಳಿಗೆ ಕೊಡುವ 1,000 ರೂಪಾಯಿಯಲ್ಲಿ ಅಮ್ಮ ಮೊಟ್ಟೆ, ಕಡಲೆಬೀಜ ತಂದು ಎದುರಿಗೆ ಕೂತು ತಿನ್ನಿಸುತ್ತಿದ್ದಳು. ಹುಷಾರಾಗುತ್ತಿದ್ದೇನೆ ಅಂತ ಮನಸ್ಸಿಗೆ ಅನ್ನಿಸುತ್ತಿತ್ತು. ಆ ಅನ್ನಿಸಿಕೆ ನನ್ನದು, ಯಾರೂ ಕಿತ್ತುಕೊಳ್ಳುವ ಹಾಗಿರಲಿಲ್ಲ. ಡಬ್ಬಿ ಕೊಟ್ಟುಬಿಟ್ಟರೆ ಒಂದು ಕಾಗದ ಅದನ್ನು ಸುಳ್ಳು ಅಂದುಬಿಡಬಹುದು. ನಾನು ಮುಂದೂಡಿದ್ದು ಸೋಮಾರಿತನದಿಂದಲ್ಲ, ಆ ಭಯಕ್ಕೆ.

ಕೆಲಸವೂ ಹಾಗೇ ಬಿದ್ದಿತ್ತು. ಮನೆಯಲ್ಲೇ ಬ್ಲೌಸ್ ಹೊಲಿಯುವವಳು ನಾನು. ಕತ್ತರಿಸಿಟ್ಟ ತೋಳುಗಳು, ಕೊಕ್ಕೆ ಹಾಕಬೇಕಾದ ನಾಲ್ಕು ಬ್ಲೌಸು, ಫಾಲ್ಸ್‌ಗೆ ಬಂದ ಸೀರೆ ಎಲ್ಲ ಒಂದೇ ಗಂಟಿನಲ್ಲಿದ್ದವು. ರಿಪೋರ್ಟ್ ಬರಲಿ, ಆಮೇಲೆ ಕೂರೋಣ ಅಂದುಕೊಳ್ಳುತ್ತಿದ್ದೆ. ರಿಪೋರ್ಟ್ ಬರಲು ಡಬ್ಬಿ ಕೊಡಬೇಕಲ್ಲ! ಕೇಳಿದವರಿಗೆ "ಕೆಮ್ಮೇ ಕಮ್ಮಿಯಾಗಿದೆ, ಕಫ ಬರ್ತಿಲ್ಲ" ಅನ್ನುತ್ತಿದ್ದೆ. ಅದು ಅರ್ಧ ನಿಜ.

ಮೈಸೂರಿನವರಿಗೆ ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ ಗೊತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡರು, ಅವರ ನೆನಪಿಗೆ ಕಟ್ಟಿದ್ದು ಅದು. ಆಗ ಟಿಬಿಗೆ ಮದ್ದೇ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಅಲ್ಲಿಯವರೆಗೆ ಗಾಳಿ, ಬಿಸಿಲು, ಊಟ, ವಿಶ್ರಾಂತಿ, ಮತ್ತೆ ಕಾಯುವುದು. ಅರಮನೆಯ ಹೆಣ್ಣುಮಗಳಿಗೂ ಸಿಗದ ಮಾತ್ರೆ ನನ್ನ ಅಡುಗೆಮನೆ ಡಬ್ಬದಲ್ಲಿ ಪುಕ್ಕಟೆಯಾಗಿ ಇದೆ ಎಂಬುದು ಒಂದು ರಾತ್ರಿ ನಿದ್ದೆ ಬರದೆ ಹೊರಳಾಡುವಾಗ ಹೊಳೆಯಿತು. ಕಣ್ಣಲ್ಲಿ ನೀರು ಬಂತು.

ಮಾರನೆಯ ದಿನ ಮಾತ್ರೆ ಪಟ್ಟಿಯಲ್ಲಿ ಕೊನೆಯ ಸಾಲು. ಇನ್ನು ಮುಂದಿನ ಮಾತ್ರೆಗೆ ಹೇಗೂ ಹೋಗಲೇಬೇಕು. ಆರು ಗಂಟೆಗೆ ಎದ್ದು ಡಬ್ಬಿ ಹಿಡಿದು ತಾರಸಿಗೆ ಹೋದೆ. ಉದ್ದಕ್ಕೆ ಉಸಿರೆಳೆದು, ಹಿಡಿದು, ಬಿಟ್ಟೆ. ಕೆಮ್ಮಿದೆ, ಬರೀ ಎಂಜಲು. ಮತ್ತೆ ಉಸಿರೆಳೆದೆ. ಐದಾರು ಸಲ ಆದಮೇಲೆ ಪಕ್ಕೆ ನೋಯುವಷ್ಟು ಕೆಮ್ಮಿದಾಗ ಚೂರು ಬಂತು. ಮುಚ್ಚಳ ಬಿಗಿದು, ಸೋಪು ಹಚ್ಚಿ ಕೈ ತೊಳೆದು, ಚಪ್ಪಲಿ ಮೆಟ್ಟಿ ಹೊರಟೆ. ಆಸ್ಪತ್ರೆಯಲ್ಲಿ ಡಬ್ಬಿ ತೆಗೆದುಕೊಂಡ ಹುಡುಗಿ, "ಬಂದ್ರಲ್ಲ ಅಕ್ಕ, ನಾಳೆ ಫೋನ್ ಮಾಡ್ತೀನಿ" ಅಂದಳು.

ಮನೆಗೆ ಬಂದವಳು ಗಂಟು ಬಿಚ್ಚಿದೆ. ಇಡೀ ದಿನ ಕೊಕ್ಕೆ ಹಾಕಿದೆ. ಒಂದೊಂದು ಕೊಕ್ಕೆಗೂ ಫೋನಿನ ಕಡೆ ಕಣ್ಣು. ರಾತ್ರಿಯ ಹೊತ್ತಿಗೆ ಎರಡು ಬ್ಲೌಸು ಮುಗಿದಿದ್ದವು.

ಮರುದಿನ ಹನ್ನೊಂದಕ್ಕೆ ಫೋನು ಬಂತು. ರೋಗಾಣು ಕಂಡಿಲ್ಲ. ಆಸ್ಪತ್ರೆಗೆ ಹೋದೆ. ತೂಕ ನೋಡಿದರು, 44. ಅದೇ ಹುಡುಗಿ ಹೊಸ ಮಾತ್ರೆ ಪಟ್ಟಿ ಕೊಟ್ಟು, "ಹುಷಾರಾದೆ ಅಂತ ನಡುವೆ ಬಿಡಬೇಡಿ ಅಕ್ಕ" ಅಂತ ಎರಡು ಸಲ ಹೇಳಿದಳು. ಬಿಟ್ಟರೆ ಉಳಿದ ರೋಗಾಣು ಮತ್ತೆ ತಲೆ ಎತ್ತಿ, ಇದೇ ಮಾತ್ರೆಗೆ ಜಗ್ಗದಂತಾಗಬಹುದಂತೆ.

ಕಾಯಿಲೆಯಲ್ಲಿ ಮೈ ಇಳಿದಾಗ ನನ್ನ ಬ್ಲೌಸುಗಳ ಪಕ್ಕಕ್ಕೆ ಒಂದರೊಳಗೊಂದು ಎರಡು ಹೊಲಿಗೆ ಹಾಕಿ ಬಿಗಿ ಮಾಡಿಕೊಂಡಿದ್ದೆ. ಅವತ್ತು ಸಂಜೆ ಬೆಳಕಿಗೆ ಕೂತು ಒಳಗಿನ ಹೊಲಿಗೆ ಬಿಚ್ಚಿದೆ. ಇನ್ನೊಂದನ್ನು ಹಾಗೇ ಬಿಟ್ಟಿದ್ದೇನೆ.