ಚೀಟಿಯಿಲ್ಲದ ಕಲ್ಲನ್ನು ಮುಟ್ಟದ ಮೇಷ್ಟ್ರು

ನಮಗೆ ಜೀವಾವಶೇಷ ವಿಜ್ಞಾನವನ್ನು ಕಲಿಸಿದ ಮೇಷ್ಟ್ರು ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಏನಾದರೂ ಬರೆದುಕೊಡಿ ಎಂದು ವಿಭಾಗದಿಂದ ಕರೆ ಬಂದಾಗ, ಪದವಿಯ ದಿನಗಳಲ್ಲಿ ಏನೇನು ಓದಿದ್ದೆನೆಂದು ನೆನಪಿಸಿಕೊಳ್ಳಲು ಹೊರಟು ಸೋತೆ. ಪಠ್ಯಕ್ರಮ ಪೂರ್ತಿ ಅಳಿಸಿಹೋಗಿದೆ. ಉಳಿದಿರುವುದು ಅವರು ಕಲಿಸಿದ ಒಂದೇ ಕೆಲಸ: ಪಳೆಯುಳಿಕೆಯೊಂದನ್ನು ಗುರುತಿಸಿ ಅದಕ್ಕೆ ಚೀಟಿ ಬರೆಯುವುದು. ವೃತ್ತಿಯಿಂದ ನಾನು ಬ್ಯಾಂಕಿನವನು. ಆದರೂ ನನ್ನ ಮನೆಯ ಬೀರುಗಳಲ್ಲಿರುವ ಟ್ರೈಲೋಬೈಟ್ (ಎಂದೋ ಅಳಿದುಹೋದ, ಗಟ್ಟಿ ಹೊರಕವಚದ ಕಡಲಪ್ರಾಣಿ) ಮತ್ತು ಸಸ್ಯ ಪಳೆಯುಳಿಕೆಗಳನ್ನು ನೋಡಲು ಬಂದ ಪ್ರಾಧ್ಯಾಪಕರೊಬ್ಬರು, ‘ನಮ್ಮಲ್ಲೂ ಇಷ್ಟು ಅಚ್ಚುಕಟ್ಟಾದ ರಿಜಿಸ್ಟರ್ ಇಲ್ಲ’ ಎಂದರು. ಆ ಮಾತನ್ನು ಇಲ್ಲಿ ಬರೆಯುವುದು ಜಂಬವೆನಿಸಬಹುದು. ಅದರಲ್ಲಿ ದೊಡ್ಡ ಪಾಲು ಮೇಷ್ಟ್ರದ್ದಾದ್ದರಿಂದ ಬರೆದಿದ್ದೇನೆ, ಉಳಿದ ಸಣ್ಣ ಪಾಲನ್ನು ನಾನು ಬಿಟ್ಟುಕೊಡುವುದಿಲ್ಲ.

ನಮ್ಮ ಕಾಲೇಜಿನ ಸುತ್ತಲಿನ ಯಾವ ಗುಡ್ಡದಲ್ಲಿ ಸುತ್ತಿಗೆ ಬೀಸಿದರೂ ಟ್ರೈಲೋಬೈಟ್ ಸಿಗುವುದಿಲ್ಲ. ಕರ್ನಾಟಕದ ನೆಲದ ಬಹುಭಾಗವು ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕಿಂತಲೂ ಹಳೆಯದಾದ ನೈಸ್, ಗ್ರಾನೈಟ್ ಮತ್ತು ಧಾರವಾಡ ಶಿಲೆಗಳಿಂದ ಆದದ್ದು. ಟ್ರೈಲೋಬೈಟುಗಳು ಕಡಲಿನಲ್ಲಿ ಕಾಣಿಸಿಕೊಂಡದ್ದು ಸುಮಾರು 52 ಕೋಟಿ ವರ್ಷಗಳ ಹಿಂದೆ, ಅಳಿದದ್ದು ಪರ್ಮಿಯನ್ ಯುಗದ ಕೊನೆಗೆ, ಅಂದರೆ ಸುಮಾರು 25 ಕೋಟಿ ವರ್ಷಗಳ ಹಿಂದೆ. ಕಲಾದಗಿಯ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್ ಸಿಗುತ್ತದೆಯೇ ಹೊರತು ಕಣ್ಣು, ಕಾಲು ಇದ್ದ ಪ್ರಾಣಿಯಲ್ಲ. ಹೀಗಾಗಿ ನಮಗೆ ಪಳೆಯುಳಿಕೆಗಳೆಂದರೆ ವಿಭಾಗದ ಮ್ಯೂಸಿಯಂ ಕೋಣೆಯ ಮರದ ತಟ್ಟೆಗಳಲ್ಲಿ ಇದ್ದವು ಮಾತ್ರ, ಆ ತಟ್ಟೆಗಳಿಗೆ ಒಡೆಯರು ಮೇಷ್ಟ್ರು.

ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಕೈಮಸೂರ, ಜೇಬಿನಲ್ಲಿ ಚೂಪಾಗಿ ಕೆತ್ತಿದ ಪೆನ್ಸಿಲ್, ಮೇಜಿನ ಮೇಲೆ ಇಂಡಿಯನ್ ಇಂಕಿನ ಸೀಸೆ. ಯಾರಾದರೂ ಕಲ್ಲೊಂದನ್ನು ತಂದು ಮುಂದೊಡ್ಡಿದರೆ ಅವರು ಕೇಳುತ್ತಿದ್ದುದು ‘ಎಲ್ಲಿಯದು?’ ಎಂದು. ‘ಗೊತ್ತಿಲ್ಲ ಸರ್’ ಎಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ‘ಹಾಗಾದರೆ ರಸ್ತೆಗೆ ಹಾಕು, ಜಲ್ಲಿಯಾಗಿಯಾದರೂ ಉಪಯೋಗಕ್ಕೆ ಬರಲಿ’ ಎನ್ನುತ್ತಿದ್ದರು. ಅವರ ಚೀಟಿಯಲ್ಲಿ ಮೊದಲು ರಿಜಿಸ್ಟರ್ ಸಂಖ್ಯೆ, ಆಮೇಲೆ ಸಿಕ್ಕಿದ ಸ್ಥಳ, ಯಾವ ಸ್ತರ, ಯಾವ ಯುಗ, ಸಂಗ್ರಹಿಸಿದವರು ಯಾರು, ಎಂದು. ಪ್ರಾಣಿಯ ಹೆಸರು ಎಲ್ಲಕ್ಕಿಂತ ಕೊನೆಗೆ, ಅದೂ ಪೆನ್ಸಿಲ್ಲಿನಲ್ಲಿ. ಹೆಸರನ್ನು ತಿಳಿದವರು ನಾಳೆ ತಿದ್ದಬಹುದು, ಸ್ಥಳ ಒಮ್ಮೆ ಕಳೆದರೆ ಕಳೆದಂತೆಯೇ ಎಂಬುದು ಅವರ ವಾದವಾಗಿತ್ತು. ಅಮೆರಿಕದ ಡೆವೋನಿಯನ್ ಯುಗದ ಶಿಲೆಗಳ ಹೆಸರಾಂತ ಟ್ರೈಲೋಬೈಟ್ ಫೇಕಾಪ್ಸ್ ರಾನಾ ಈಗ ಎಲ್ಡ್ರೆಡ್ಜಿಯಾಪ್ಸ್ ಕುಲಕ್ಕೆ ಸೇರಿದೆ. ನನ್ನ ಬೀರುವಿನಲ್ಲಿ ಆ ಬದಲಾವಣೆಗೆ ಒಂದು ರಬ್ಬರು, ಒಂದು ಪೆನ್ಸಿಲ್ ಸಾಕಾಯಿತು.

ಈ ವಾದಕ್ಕೆ ಅವರು ಸ್ಪಿತಿ ಕಣಿವೆಯನ್ನು ಸಾಕ್ಷಿಗೆ ಕರೆಯುತ್ತಿದ್ದರು. ಹಿಮಾಲಯದ ಆ ಕಣಿವೆಯಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ಹೇಡನ್ ಸಂಗ್ರಹಿಸಿದ ಕ್ಯಾಂಬ್ರಿಯನ್ ಯುಗದ ಪಳೆಯುಳಿಕೆಗಳನ್ನು ಪಳೆಯುಳಿಕೆ ತಜ್ಞ ಕೌಪರ್ ರೀಡ್ 1910ರಲ್ಲಿ ವಿವರಿಸಿದರು. ಯಾವ ಮಾದರಿ ಯಾವ ಪದರದ್ದು ಎಂದು ಬರೆದಿಟ್ಟದ್ದರಿಂದಲೇ ಮುಂದಿನವರು ಅದೇ ಬಂಡೆಯ ಮುಂದೆ ಹೋಗಿ ನಿಲ್ಲಬಹುದು ಎಂದು ಮೇಷ್ಟ್ರು ಹೇಳುತ್ತಿದ್ದರು. ಅವರು ನಿವೃತ್ತರಾದ ಎಷ್ಟೋ ವರ್ಷಗಳ ಮೇಲೆ, 2009ರಲ್ಲಿ, ಸ್ಪಿತಿಯ ಪರಾಹಿಯೋ ಮತ್ತು ನೆರೆಯ ಝಂಸ್ಕಾರ್ ಕಣಿವೆಗಳ ಟ್ರೈಲೋಬೈಟುಗಳನ್ನು ಭಾರತ, ಚೀನಾ, ಅಮೆರಿಕದ ವಿಜ್ಞಾನಿಗಳು ಸೇರಿ ಮರುಪರಿಶೀಲಿಸಿ ಪ್ರಕಟಿಸಿದರು. ಆ ಸುದ್ದಿಯನ್ನು ನಾನು ಫೋನಿನಲ್ಲಿ ತಿಳಿಸಿದಾಗ ಅವರು ಕೇಳಿದ ಪ್ರಶ್ನೆ, ಹೊಸ ಚೀಟಿಗಳೊಡನೆ ರೀಡ್‌ನ ಹಳೆಯ ಚೀಟಿಗಳನ್ನೂ ಉಳಿಸಿಕೊಂಡಿದ್ದಾರೆಯೇ ಎಂಬುದಾಗಿತ್ತು.

ಗುರುತಿಸುವ ಪಾಠ ಆರಂಭವಾಗುತ್ತಿದ್ದುದು ಒಂದು ಬೋನಿನಿಂದ. ‘ಇದರ ಮೂರು ಹಾಲೆಗಳನ್ನು ತೋರಿಸು’ ಎಂದರೆ ಹೊಸಬರೆಲ್ಲ ತಲೆ, ಎದೆ, ಬಾಲ ಎಂದು ಅಡ್ಡಡ್ಡ ಬೆರಳಿಡುತ್ತಿದ್ದರು. ಮೇಷ್ಟ್ರು ಆ ಬೆರಳನ್ನೇ ಹಿಡಿದು ತಲೆಯಿಂದ ಬಾಲದವರೆಗೆ ಉದ್ದಕ್ಕೆ ಎಳೆಯುತ್ತಿದ್ದರು: ನಡುವೆ ಉಬ್ಬಿದ ದಿಂಡು ಒಂದು, ಅದರ ಎಡಬಲದ ಪಕ್ಕೆಗಳು ಎರಡು. ಅಲ್ಲಿಂದ ಮುಂದೆ ಎಣಿಕೆ. ಎದೆಯ ಖಂಡಗಳು ಎರಡೇ ಇದ್ದು ತಲೆ, ಬಾಲ ಒಂದೇ ಅಳತೆಯವಾಗಿದ್ದರೆ ಅಗ್ನೋಸ್ಟಿಡ್ ಗುಂಪಿನದು. ಹನ್ನೊಂದು ಖಂಡಗಳ ಜೊತೆಗೆ ಬರಿಗಣ್ಣಿಗೂ ಬಿಡಿಬಿಡಿಯಾಗಿ ಕಾಣುವ ಮಸೂರಗಳ ದೊಡ್ಡ ಕಣ್ಣುಗಳಿದ್ದರೆ ಫೇಕಾಪ್ಸ್‌ನ ಬಳಗ. ತಲೆಯ ಮೇಲಿನ ಹೊಲಿಗೆಗೆರೆ ಬಿಚ್ಚಿಕೊಂಡು ಎರಡೂ ಕೆನ್ನೆಗಳು ಕಾಣೆಯಾಗಿದ್ದರೆ ಅದು ಪ್ರಾಣಿಯ ಹೆಣವಲ್ಲ, ಅದು ಬೆಳೆಯುವಾಗ ಕಳಚಿಟ್ಟ ಪೊರೆ ಇರಬೇಕೆಂದು ಮೊದಲು ಅನುಮಾನಿಸಬೇಕು, ಹಾಗೆಂದು ಚೀಟಿಯಲ್ಲಿ ಬರೆಯಲೂಬೇಕು. ಸಹಪಾಠಿಯೊಬ್ಬ ಅಮೆರಿಕದ ಯೂಟಾದಿಂದ ತಂದುಕೊಟ್ಟ, ಹೌಸ್ ಪರ್ವತಶ್ರೇಣಿಯ ವೀಲರ್ ಶೇಲ್ ಪದರದ ಎಲ್ರೇಥಿಯಾ ಕಿಂಗೈ ನನ್ನಲ್ಲಿ ಹಲವು ಇವೆ. ಸುಮಾರು 50 ಕೋಟಿ ವರ್ಷಗಳಷ್ಟು ಹಳೆಯದಾದರೂ ಇದು ಅಗ್ಗದ, ಎಲ್ಲೆಡೆ ಸಿಗುವ ಟ್ರೈಲೋಬೈಟ್. ಸೂಜಿಯ ಮೊನೆಯಿಂದ ಹದಿಮೂರು ಖಂಡಗಳನ್ನು ಎಣಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಇನ್ನು ನಮ್ಮ ಹಾಸ್ಟೆಲಿನ ಕಿತಾಪತಿಯ ವಿಷಯ. ಮ್ಯೂಸಿಯಮ್ಮಿನಲ್ಲಿದ್ದ ಟ್ರೈಲೋಬೈಟಿನ ಮಾದರಿಯೊಂದನ್ನು ಒಂದು ಸಂಜೆ ನಾವು ಕೆಲವರು ಎರವಲು ತಂದು, ನೆನೆಸಿ ಮೆತ್ತಗೆ ಮಾಡಿದ ಬಟ್ಟೆಸೋಪಿನಲ್ಲಿ ಅಚ್ಚೊತ್ತಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು, ಒಣಗಿದ ಮೇಲೆ ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆದೆವು. ಮರುದಿನ ಪ್ರಾಯೋಗಿಕ ತರಗತಿಗೆ ಮೊದಲು ಗುರುತಿಸದ ಮಾದರಿಗಳ ತಟ್ಟೆಯಲ್ಲಿ ಅದನ್ನಿಟ್ಟು ಕಾದು ಕುಳಿತೆವು. ಮೇಷ್ಟ್ರು ತಟ್ಟೆಯ ಮುಂದೆ ನಿಂತರು, ಕೈಮಸೂರವನ್ನು ಕಣ್ಣಿಗೆ ಹಿಡಿದರು, ಗುಂಡುಸೂಜಿಯಿಂದ ಅಂಚನ್ನು ಒಮ್ಮೆ ಕೆರೆದರು, ಏನೂ ಹೇಳದೆ ಮುಂದಿನ ತಟ್ಟೆಗೆ ಹೋದರು. ತರಗತಿ ಮುಗಿಯುವ ಹೊತ್ತಿಗೆ ಆ ಕಲ್ಲಿನ ಕೆಳಗೆ ಅವರ ದುಂಡನೆಯ ಅಕ್ಷರದ ಚೀಟಿಯಿತ್ತು: ‘ಸ್ಥಳ: ಬಾಲಕರ ಹಾಸ್ಟೆಲ್. ಸ್ತರ: ಚಹಾದ ಪದರಕ್ಕೆ ತಕ್ಷಣ ಕೆಳಗೆ. ಯುಗ: ನಿನ್ನೆ ರಾತ್ರಿ. ಸಂಗ್ರಾಹಕರು: ಖುದ್ದಾಗಿ ಬಂದು ಸಹಿ ಮಾಡತಕ್ಕದ್ದು.’ ನಾವು ಸಾಲಾಗಿ ಹೋಗಿ ಸಹಿ ಮಾಡಿದೆವು. ಅವರು ಅದಕ್ಕೆ ನಿಜವಾದ ರಿಜಿಸ್ಟರ್ ಸಂಖ್ಯೆಯನ್ನೇ ಕೊಟ್ಟು, ಗಾಳಿಗುಳ್ಳೆಗಳು ಮಾಡಿದ ಸೂಜಿರಂಧ್ರಗಳನ್ನು ಒಬ್ಬೊಬ್ಬರಿಗೂ ಮಸೂರದಲ್ಲಿ ತೋರಿಸಿದರು. ಮುಂದಿನ ತಂಡಗಳಿಗೆ ನಕಲಿಯನ್ನು ಗುರುತಿಸುವ ಪಾಠಕ್ಕೆ ನಮ್ಮ ಕೃತಿಯೇ ಪಠ್ಯವಾಯಿತು.

ಆ ಪಾಠದ ಬೆಲೆ ನನಗೆ ತಿಳಿದದ್ದು ಮೊರಾಕ್ಕೊದ ಟ್ರೈಲೋಬೈಟುಗಳನ್ನು ಕೊಳ್ಳಲು ತೊಡಗಿದಾಗ. ಅಲ್ಲಿನ ಅಲ್ನಿಫ್ ಪಟ್ಟಣದ ಸುತ್ತಿನಿಂದ ಜಗತ್ತಿನ ಮಾರುಕಟ್ಟೆಗೆ ಬರುವ ಡೆವೋನಿಯನ್ ಮಾದರಿಗಳಲ್ಲಿ ಅಪ್ಪಟವಾದವು ಬಹಳ ಇವೆ, ರಾಳದಲ್ಲಿ ಎರಕ ಹೊಯ್ದವೂ ಇವೆ, ಅರ್ಧ ನಿಜ ಅರ್ಧ ತೇಪೆಯಾದವು ಇನ್ನೂ ಹೆಚ್ಚು. ಗಾಳಿಗುಳ್ಳೆಯ ಗುರುತುಗಳಿದ್ದರೆ, ಪ್ರಾಣಿಗೂ ಅದು ಕುಳಿತ ಕಲ್ಲಿಗೂ ನಡುವೆ ಗೆರೆಯೇ ಕಾಣದಿದ್ದರೆ, ಕಲ್ಲಿನ ಬಿರುಕು ಪ್ರಾಣಿಯ ಮೈಮೇಲೂ ಹಾಯದೆ ಅದರ ಅಂಚಿಗೆ ಬಂದು ನಿಂತರೆ, ಕಣ್ಣಿನ ಮಸೂರಗಳು ಕಲಸಿಹೋಗಿದ್ದರೆ ನಾನು ಕೈ ಹಿಂದೆ ಕಟ್ಟಿಕೊಳ್ಳುತ್ತೇನೆ. ಅಂಗಡಿಯವರು ‘ಮೊರಾಕ್ಕೊ’ ಎಂದಷ್ಟೇ ಬರೆದುಕೊಟ್ಟ ಚೀಟಿಯನ್ನೂ ನಾನು ಎಸೆಯುವುದಿಲ್ಲ, ಆದರೆ ಅಂಥ ಮಾದರಿಗಳಿಗೆ ಬೇರೆಯೇ ಒಂದು ಅರೆಯಿದೆ, ಅದು ಕೆಳಗಿನದು.

ಸಸ್ಯ ಪಳೆಯುಳಿಕೆಗಳ ಚೀಟಿ ಹೆಚ್ಚು ಕಷ್ಟದ್ದು, ನನಗೆ ಹೆಚ್ಚು ಪ್ರಿಯವಾದದ್ದೂ ಹೌದು. ಗಿಡ ಇಡಿಯಾಗಿ ಕಲ್ಲಾಗುವುದು ಅಪರೂಪ. ಎಲೆ ಒಂದು ಕಡೆ, ಬೇರು ಇನ್ನೊಂದು ಕಡೆ, ಬೀಜ ಮತ್ತೆಲ್ಲೋ ಸಿಗುತ್ತದೆ, ಒಂದೊಂದಕ್ಕೂ ಬೇರೆ ಬೇರೆ ಹೆಸರು ಬಿದ್ದಿರುತ್ತದೆ. ಗೋದಾವರಿ ಕಣಿವೆಯ ರಾಮಗುಂಡಂ ಕಲ್ಲಿದ್ದಲ ಗಣಿಗೆ ಮೇಷ್ಟ್ರು ನಮ್ಮನ್ನು ಕರೆದೊಯ್ದಾಗ, ಗಣಿಯವರ ಅನುಮತಿ ಪಡೆದು ಮಣ್ಣಿನ ರಾಶಿಯಲ್ಲಿ ಆಯ್ದ ಬೂದುಬಣ್ಣದ ಶೇಲ್ ಚೂರುಗಳಲ್ಲಿ ನಾಲಿಗೆಯಾಕಾರದ ಎಲೆಗಳು ಒಂದರ ಮೇಲೊಂದು ಒತ್ತಿಕೊಂಡಿದ್ದವು. ಸ್ಪಷ್ಟವಾದ ನಡುನರ, ಅದರಿಂದ ಹೊರಟು ಬಲೆಯಾಗಿ ಹೆಣೆದ ನರಗಳಿದ್ದರೆ ಗ್ಲಾಸಾಪ್ಟೆರಿಸ್. ಬಲೆಯಿದ್ದು ನಿಜವಾದ ನಡುನರವಿಲ್ಲದಿದ್ದರೆ ಗಂಗಮಾಪ್ಟೆರಿಸ್. ಪಕ್ಕದಲ್ಲೇ ಬೆನ್ನುಮೂಳೆಯಂತೆ ಕಾಣುವ ವರ್ಟಿಬ್ರೇರಿಯಾ ಸಿಕ್ಕಾಗ, ಇದು ಗ್ಲಾಸಾಪ್ಟೆರಿಸ್ ಮರದ್ದೇ ಬೇರು, ಆದರೂ ಚೀಟಿಯಲ್ಲಿ ಅದರ ಹೆಸರನ್ನೇ ಬರೆದು ಮುಂದೆ ‘ಬೇರು’ ಎಂದು ನಮೂದಿಸಿರಿ, ಜೋಡಿಸುವ ಹಕ್ಕು ಸಾಕ್ಷ್ಯ ಇರುವವರಿಗೆ ಮಾತ್ರ ಎಂದರು. ಅಂಥ ಸಾಕ್ಷ್ಯವನ್ನು ಮಂಡಿಸಿದವರು ಸಸ್ಯ ಪಳೆಯುಳಿಕೆಗಳ ವಿಜ್ಞಾನಿ ಬೀರಬಲ್ ಸಾಹ್ನಿ: ರಾಜಮಹಲ್ ಬೆಟ್ಟಗಳ ಶಿಲೀಭೂತ ಮಾದರಿಗಳಿಂದ ಟೈಲೋಫಿಲಮ್ ಎಂಬ ಎಲೆ, ಬಕ್ಲಂಡಿಯಾ ಎಂಬ ಕಾಂಡ, ವಿಲಿಯಮ್ಸೋನಿಯಾ ಎಂಬ ಹೂವು ಒಂದೇ ಗಿಡದವೆಂದು ಅವರು 1932ರಲ್ಲಿ ತೋರಿಸಿದರು.

ತಿರುಚಿರಾಪಳ್ಳಿ ಕಡೆಯ ಪ್ರವಾಸದಲ್ಲಿ ತೇರಾಣಿಯ ಬಿಳಿ ಜೇಡಿಮಣ್ಣಿನಲ್ಲಿ ಅದೇ ಟೈಲೋಫಿಲಮ್ ಎಲೆಗಳನ್ನು ನಾವೇ ಬಿಡಿಸಿ ತೆಗೆದೆವು. ಸಾತ್ತನೂರಿನಲ್ಲಿ ಮಲಗಿರುವ, 18 ಮೀಟರಿಗೂ ಉದ್ದವಾದ ಕಲ್ಲುಮರವನ್ನು ಮಾತ್ರ ಮುಟ್ಟಗೊಡಲಿಲ್ಲ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಲ್. ರಾಮರಾಯರು ಆಸ್ಟ್ರಿಯಾದ ವಿಜ್ಞಾನಿ ಜೂಲಿಯಸ್ ಪಿಯಾ ಅವರೊಡನೆ ಇದೇ ಸೀಮೆಯ ನಿಣಿಯೂರು ಶಿಲೆಗಳಿಂದ ಶೈವಲ (ಪಾಚಿ) ಪಳೆಯುಳಿಕೆಗಳನ್ನು 1936ರಲ್ಲಿ ವಿವರಿಸಿದ್ದನ್ನು ಮೇಷ್ಟ್ರು ಬಸ್ಸಿನಲ್ಲಿ ನಿಂತೇ ಹೇಳುತ್ತಿದ್ದರು. ಸ್ವಂತ ನೆಲದಲ್ಲಿ ಪಳೆಯುಳಿಕೆಯಿಲ್ಲದ ನಾಡಿನವರು ನೆರೆಯ ನೆಲವನ್ನು ಚೆನ್ನಾಗಿ ಓದಬೇಕು ಎಂಬುದು ಅವರ ಹಟ.

ಈಗಿನ ವಿದ್ಯಾರ್ಥಿಗಳ ಬುದ್ಧಿ ನಮಗಿಂತ ಚುರುಕು, ಅದರಲ್ಲಿ ಸಂಶಯವಿಲ್ಲ. ಆದರೆ ಹೋದ ಸಲ ಕಾಲೇಜೊಂದಕ್ಕೆ ಮಾತನಾಡಲು ಹೋದಾಗ, ಮಾದರಿಗಳ ತಟ್ಟೆಗಳು ಕಾರಿಡಾರಿನ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ್ದವು, ಚೀಟಿಗಳೆಲ್ಲ ಬೇರೆಯೇ ಒಂದು ಪ್ಲಾಸ್ಟಿಕ್ ಚೀಲದಲ್ಲಿದ್ದವು. ಕೋಣೆಯಲ್ಲಿ ಪರದೆಯ ಮೇಲೆ ಟ್ರೈಲೋಬೈಟಿನ ಸೊಗಸಾದ ಚಿತ್ರ ತಿರುಗುತ್ತಿತ್ತು. ಚಿತ್ರದಿಂದ ಹೆಸರು ಕಲಿಯಬಹುದು; ಖಂಡಗಳನ್ನು ಎಣಿಸುವಾಗ ಕಲ್ಲನ್ನು ಬೆಳಕಿಗೆ ಓರೆ ಹಿಡಿಯಬೇಕೆಂದು ಕೈ ಕಲಿಯುವುದಿಲ್ಲ. ಆ ಚೀಲವನ್ನು ನೋಡಿದ್ದರೆ ಮೇಷ್ಟ್ರು ಏನೆನ್ನುತ್ತಿದ್ದರೋ ಬರೆಯದಿರುವುದೇ ಲೇಸು.

ನನ್ನ ಸಂಗ್ರಹವನ್ನು ನಮ್ಮ ವಿಭಾಗಕ್ಕೆ ಕೊಡಲು ಒಪ್ಪಿದ್ದೇನೆ. ಪ್ರತಿ ಮಾದರಿಯ ಹಿಂಬದಿಯಲ್ಲಿ, ಪಳೆಯುಳಿಕೆಯಿಲ್ಲದ ಜಾಗ ನೋಡಿ, ತೆಳುವಾದ ಬಣ್ಣರಹಿತ ಮೆರುಗೆಣ್ಣೆಯ ಪಟ್ಟಿಯ ಮೇಲೆ ಇಂಡಿಯನ್ ಇಂಕಿನಲ್ಲಿ ಸಂಖ್ಯೆ ಬರೆದು, ಮೇಲೊಂದು ಲೇಪ ಕೊಟ್ಟಿದ್ದೇನೆ. ಚೀಟಿಯನ್ನು ಅಂಟಿಸಿಲ್ಲ, ಅದೇ ಸಂಖ್ಯೆಯೊಡನೆ ತಟ್ಟೆಯಲ್ಲಿಟ್ಟಿದ್ದೇನೆ, ಹಳೆಯ ಚೀಟಿಗಳು ಹೊಸದರ ಹಿಂದೆ ಇವೆ. ರಾಮಗುಂಡಂನ ಒಂದು ಪೆಟ್ಟಿಗೆಯಲ್ಲಿ ಮಾತ್ರ ಸ್ಥಳ, ಸ್ತರ, ದಿನಾಂಕಗಳಿದ್ದರೂ ಹೆಸರಿನ ಜಾಗ ಖಾಲಿಯಿದೆ. ಎಲೆಗಳ ನರಜಾಲದ ಸಾಂದ್ರತೆಯನ್ನು ಅಳೆಯದೆ ಅಲ್ಲಿ ಪ್ರಭೇದವನ್ನು ಹೇಳಲಾಗದು. ಅಳೆಯುವ ತಾಳ್ಮೆಯಿರುವ ವಿದ್ಯಾರ್ಥಿ ಯಾರಾದರೂ ಬಂದರೆ ಪೆಟ್ಟಿಗೆಯನ್ನು ಅವರ ಹೆಸರಿಗೇ ಬಿಡುಗಡೆ ಮಾಡಬೇಕೆಂದು ವಿಭಾಗಕ್ಕೆ ಬರೆದುಕೊಟ್ಟಿದ್ದೇನೆ, ಪೆನ್ಸಿಲನ್ನು ಅವರೇ ತರಬೇಕು.